ಆಟ, ಮಾತು ಮತ್ತು ಫ್ರೆಂಚ್: ಕೋಪರಿಯ ಬಹುಭಾಷಿಕ ಮಕ್ಕಳ ಕಲಿಕೆಯನ್ನು ಕುರಿತು

ಥಾಣೆ ರೈಲು ನಿಲ್ದಾಣದ ಪೂರ್ವಕ್ಕೆ ಕೋಪರಿ ಎಂಬ ಬಡಾವಣೆಯಿದೆ. ಇಲ್ಲಿ ಬೆಳೆಯುವ ಕನ್ನಡಿಗರ ಮಗು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೇಳುತ್ತದೆ. ಅಂಗಳದಲ್ಲಿ ಮರಾಠಿ, ಹಿಂದಿಗಳನ್ನು ಆಡುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಓದುತ್ತದೆ. ಈ ಭಾಗದ ಹಲವು ಶಾಲೆಗಳಲ್ಲಿ ಇವುಗಳ ಜೊತೆಗೆ ಫ್ರೆಂಚ್ ಭಾಷೆಯನ್ನು ಆಯ್ದುಕೊಳ್ಳುವ ಅವಕಾಶವೂ ಉಂಟು. ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ಮರಾಠಿ, ಹಿಂದಿಗಳನ್ನು ಕಲಿತ ಮಗು, ಎರಡು ಮೂರು ವರ್ಷ ಫ್ರೆಂಚ್ ಓದಿ ಒಳ್ಳೆಯ ಅಂಕ ಪಡೆದ ಮೇಲೂ ಆ ಭಾಷೆಯಲ್ಲಿ ಬಾಯಿ ತೆರೆಯಲು ಹಿಂಜರಿಯುವುದನ್ನು ನಾವು ಕಾಣುತ್ತೇವೆ. ಇದಕ್ಕೆ ಕಾರಣವೇನು, ಗುಂಪು ಸಂಭಾಷಣೆ ಮತ್ತು ಆಟಗಳಿಂದ ಇದಕ್ಕೆ ಪರಿಹಾರ ಸಾಧ್ಯವೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ.

ಕಾರಣ ಸರಳವಾದುದು. ಮರಾಠಿ, ಹಿಂದಿಗಳಿಗೆ ಕೋಪರಿಯಲ್ಲಿ ಅಂಗಳವಿದೆ, ಜೊತೆಗಾರರಿದ್ದಾರೆ. ಫ್ರೆಂಚಿಗೆ ಇರುವುದು ತರಗತಿಯ ಕೋಣೆ ಮಾತ್ರ. ಆ ಕೋಣೆಯಲ್ಲೂ ಮಾತಿಗೆ ಸಿಗುವ ಕಾಲ ಅತ್ಯಲ್ಪ. ನಲವತ್ತು ಮಕ್ಕಳ ತರಗತಿಯಲ್ಲಿ ಅಧ್ಯಾಪಕರು ನಲವತ್ತು ನಿಮಿಷ ಒಬ್ಬೊಬ್ಬರನ್ನೇ ಮಾತನಾಡಿಸಿದರೂ ಒಂದು ಮಗುವಿನ ಪಾಲಿಗೆ ಬರುವುದು ಒಂದೇ ನಿಮಿಷ. ನಾಲ್ವರ ಗುಂಪುಗಳನ್ನು ಮಾಡಿದರೆ ಅದೇ ಅವಧಿಯಲ್ಲಿ ಪ್ರತಿಯೊಬ್ಬರಿಗೂ ಹತ್ತು ನಿಮಿಷದಷ್ಟು ಮಾತಿನ ಅವಕಾಶ ದೊರೆಯುತ್ತದೆ.

ಆಡುಮಾತನ್ನೇ ಕಲಿಕೆಯ ತಳಹದಿಯಾಗಿಸುವ ಪ್ರಯತ್ನ ಫ್ರಾನ್ಸಿನಲ್ಲಿ 1950ರ ದಶಕದಲ್ಲೇ ನಡೆಯಿತು. ಜಾರ್ಜ್ ಗೂಗೆನೈಮ್ ಮತ್ತು ಅವರ ಸಹೋದ್ಯೋಗಿಗಳು ಜನರ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು, ಹೆಚ್ಚು ಬಳಕೆಯಲ್ಲಿರುವ ಪದಗಳನ್ನು ಎಣಿಸಿ, ಹೊರನಾಡಿಗರಿಗೆ ಫ್ರೆಂಚ್ ಕಲಿಸಲು ಒಂದು ಮೂಲಪದಕೋಶವನ್ನು ಸಿದ್ಧಪಡಿಸಿದರು. ಆಗ ಅವರಿಗೊಂದು ಗಮನಾರ್ಹ ಸಂಗತಿ ತಿಳಿದುಬಂದಿತು. ಎಲ್ಲರಿಗೂ ಗೊತ್ತಿರುವ ನಿತ್ಯೋಪಯೋಗಿ ವಸ್ತುಗಳ ಹೆಸರುಗಳು ಧ್ವನಿಮುದ್ರಿತ ಮಾತುಗಳಲ್ಲಿ ಅಪರೂಪವಾಗಿದ್ದವು. ಆ ವಸ್ತುವಿನ ಪ್ರಸಂಗ ಬಂದಾಗ ಮಾತ್ರ ಅದರ ಹೆಸರು ಬಾಯಿಗೆ ಬರುತ್ತದೆ. ಮಕ್ಕಳ ಕಲಿಕೆಯಲ್ಲಿ ಇಂತಹ ಪ್ರಸಂಗವನ್ನು ಸಹಜವಾಗಿ ಒದಗಿಸುವುದು ಆಟವೇ ಆಗಿದೆ.

ಗುಂಪು ಸಂಭಾಷಣೆಗೆ ಒಂದು ಗಂಭೀರ ಆಕ್ಷೇಪವಿದೆ. ಭಾಷೆಯನ್ನು ಇನ್ನೂ ಅರಿಯದ ಮಕ್ಕಳು ಪರಸ್ಪರ ಮಾತನಾಡಿದರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ನೆಲೆಯೂರುವುದಿಲ್ಲವೇ? ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾದ, ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ 1979ರಿಂದ 1984ರವರೆಗೆ ನಡೆದ ಇಂಗ್ಲಿಷ್ ಬೋಧನೆಯ ಪ್ರಯೋಗದಲ್ಲಿ ಎನ್. ಎಸ್. ಪ್ರಭು ಅವರು ಮಕ್ಕಳಿಗೆ ವ್ಯಾಕರಣದ ಬದಲು ನಕ್ಷೆ, ವೇಳಾಪಟ್ಟಿ ಮೊದಲಾದವುಗಳನ್ನು ಆಧರಿಸಿದ ಸಮಸ್ಯೆಗಳನ್ನು ಕೊಟ್ಟರು. ಆದರೆ ಈ ಅಂಜಿಕೆಯಿಂದಲೇ ಅವರು ಗುಂಪುಗಳಿಗೆ ಪ್ರಾಧಾನ್ಯ ಕೊಡದೆ, ಅಧ್ಯಾಪಕರ ಮೂಲಕವೇ ಮಾತುಕತೆಯನ್ನು ನಡೆಸಿದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದುದರಿಂದ ಮಕ್ಕಳನ್ನು ಸುಮ್ಮನೆ ಗುಂಪಾಗಿ ಕೂರಿಸಿ ಮಾತನಾಡಿರೆಂದರೆ ಸಾಲದು. ಸರಿಯಾದ ವಾಕ್ಯವನ್ನು ತನ್ನ ನಿಯಮದಲ್ಲೇ ಅಡಗಿಸಿಕೊಂಡ ಆಟಗಳು ಬೇಕು.

ಅಂತಹ ಆಟಗಳು ಫ್ರೆಂಚ್ ಮಕ್ಕಳ ಲೋಕದಲ್ಲೇ ಇವೆ. ಮೊದಲನೆಯದು ‘ಜಾಕ್ ಆ ದಿ’, ಎಂದರೆ ‘ಜಾಕ್ ಹೇಳಿದ’. ಈ ಮಾತನ್ನು ಮುಂದಿಟ್ಟು ಕೈ ಎತ್ತು, ಕಣ್ಣು ಮುಚ್ಚು ಎಂದು ಆಜ್ಞಾಪಿಸಿದರೆ ಪಾಲಿಸಬೇಕು. ಅದಿಲ್ಲದೆ ಆಜ್ಞಾಪಿಸಿದಾಗ ಪಾಲಿಸಿದವರು ಸೋತಂತೆ. ಇಲ್ಲಿ ಮಗು ಮಾತನಾಡಬೇಕಾಗಿಲ್ಲ, ಕಿವಿಗೊಟ್ಟರೆ ಸಾಕು. ನಾಚುವ ಮಕ್ಕಳಿಗೆ ಇದು ತಕ್ಕ ಆರಂಭ.

ಎರಡನೆಯದು ‘ಏಳು ಕುಟುಂಬ’ಗಳ ಎಲೆಯಾಟ. ಇದರಲ್ಲಿ 42 ಎಲೆಗಳು. ಪ್ರತಿ ಕುಟುಂಬದಲ್ಲಿ ಅಜ್ಜ, ಅಜ್ಜಿ, ತಂದೆ, ತಾಯಿ, ಮಗ, ಮಗಳು ಎಂದು ಆರು ಮಂದಿ. ‘ಈ ಕುಟುಂಬದಲ್ಲಿ ನನಗೆ ತಾಯಿ ಬೇಕು’ ಎಂದು ಎದುರಾಳಿಯನ್ನು ಕೇಳಬೇಕು. ಎಲೆ ಅವರಲ್ಲಿಲ್ಲದಿದ್ದರೆ ‘ಪ್ಯೋಶ್’ ಎನ್ನುತ್ತಾರೆ. ಆಗ ರಾಶಿಯಿಂದ ಒಂದು ಎಲೆ ಎತ್ತಿಕೊಳ್ಳಬೇಕು. ಪೂರ್ಣ ವಾಕ್ಯ ಹೇಳದಿದ್ದರೆ ಸರದಿ ತಪ್ಪುತ್ತದೆ ಎಂಬ ನಿಯಮವನ್ನು ಅಧ್ಯಾಪಕರು ಸೇರಿಸಿದರೆ, ಮಗು ‘ಜ ದಮಾಂದ್ ಲಾ ಮೇರ್’ ಎಂಬ ಶುದ್ಧವಾಕ್ಯವನ್ನು ಒಂದೇ ಆಟದಲ್ಲಿ ಮತ್ತೆ ಮತ್ತೆ ನುಡಿಯುತ್ತದೆ. ಗೆಲ್ಲುವ ಹಂಬಲವಿರುವುದರಿಂದ ಪುನರಾವೃತ್ತಿ ಬೇಸರ ತರಿಸುವುದಿಲ್ಲ.

ಮೂರನೆಯದು ಸಂಖ್ಯೆಗಳ ಆಟ. ಮುಂಬಯಿ ಪರಿಸರದ ವಸತಿ ಸಂಕೀರ್ಣಗಳಲ್ಲಿ ಹಬ್ಬದ ದಿನಗಳಂದು ಆಡುವ ತಂಬೋಲಾ ಫ್ರಾನ್ಸಿನಲ್ಲಿ ‘ಲೋತೊ’ ಎಂಬ ಹೆಸರಿನಲ್ಲಿದೆ. ಫ್ರೆಂಚಿನಲ್ಲಿ ಎಪ್ಪತ್ತು ಎಂದರೆ ಅರವತ್ತು-ಹತ್ತು. ಎಂಬತ್ತು ಎಂದರೆ ನಾಲ್ಕು-ಇಪ್ಪತ್ತು. ತೊಂಬತ್ತು ಎಂದರೆ ನಾಲ್ಕು-ಇಪ್ಪತ್ತು-ಹತ್ತು. ಕಂಠಪಾಠಕ್ಕೆ ಕಷ್ಟವಾದ ಈ ಎಣಿಕೆ, ಕೈಯಲ್ಲಿ ಚೀಟಿ ಹಿಡಿದ ಮಗುವಿಗೆ ಬೇಗನೆ ಒಲಿಯುತ್ತದೆ.

ಆಟಗಳಿಂದ ನಾಲಿಗೆ ಪಳಗಿದ ಮೇಲೆ ಸಂಭಾಷಣೆಗೆ ತೊಡಗಬಹುದು. ಒಬ್ಬರ ಕೈಯಲ್ಲಿ ಕೋಪರಿಯ ನಕ್ಷೆಯನ್ನಿತ್ತು, ನಿಲ್ದಾಣದಿಂದ ಮನೆಗೆ ದಾರಿ ಹೇಳುವಂತೆ ಇನ್ನೊಬ್ಬರಿಂದ ಕೇಳಿಸಬಹುದು. ತಮ್ಮ ಕುಟುಂಬದ ಎಲೆಗಳನ್ನು ಮಕ್ಕಳಿಂದಲೇ ಬರೆಯಿಸಬಹುದು. ಆಗ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರಿಗೂ ಫ್ರೆಂಚಿನಲ್ಲಿ ‘ಓಂಕ್ಲ್’ ಎಂಬ ಒಂದೇ ಪದವಿರುವುದನ್ನು ಕಂಡು ಮಕ್ಕಳು ತಾವಾಗಿಯೇ ಚರ್ಚೆಗಿಳಿಯುವುದು ಸಹಜ.

ಈ ಮಕ್ಕಳು ಬರಿಗೈಯಲ್ಲಿ ಬರುವವರಲ್ಲ. ‘ತು’, ‘ವು’ಗಳ ಭೇದವನ್ನು ಕನ್ನಡದ ನೀನು, ನೀವುಗಳು ಮೊದಲೇ ಕಲಿಸಿರುತ್ತವೆ. ಲಿಂಗದ ವಿಷಯ ಬೇರೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅವಲಂಬಿಸಿರುವುದರಿಂದ ಪುಸ್ತಕವು ನಪುಂಸಕ. ಹಿಂದಿಯ ‘ಕಿತಾಬ್’ ಸ್ತ್ರೀಲಿಂಗ, ಫ್ರೆಂಚಿನ ‘ಲಿವ್ರ್’ ಪುಲ್ಲಿಂಗ. ಒಂದರ ಲಿಂಗ ಇನ್ನೊಂದಕ್ಕೆ ಹೊಂದದಿದ್ದರೂ, ಜಡವಸ್ತುವಿಗೂ ಲಿಂಗವಿರಬಹುದೆಂಬ ತಿಳಿವಳಿಕೆಯನ್ನು ಮಗು ಅಂಗಳದ ಹಿಂದಿಯಿಂದಲೇ ಪಡೆದಿರುತ್ತದೆ. ನಿಜವಾಗಿಯೂ ಹೊಸದಾದುದು ‘ತು’ ಎಂಬಲ್ಲಿನ ಸ್ವರ. ತುಟಿಗಳನ್ನು ‘ಉ’ಕಾರಕ್ಕೆಂಬಂತೆ ದುಂಡಾಗಿಸಿ ನಾಲಿಗೆಯನ್ನು ‘ಇ’ಕಾರದ ಸ್ಥಾನದಲ್ಲಿಟ್ಟು ಅದನ್ನು ಉಚ್ಚರಿಸಬೇಕು. ಇದನ್ನು ಅಧ್ಯಾಪಕರೇ ಕಲಿಸಬೇಕು.

ಕೇಳುವಿಕೆಯೊಂದೇ ಸಾಲದೆಂಬುದಕ್ಕೆ ಕೆನಡಾದ ನಿದರ್ಶನವಿದೆ. 1965ರಲ್ಲಿ ಮಾಂಟ್ರಿಯಲ್ ಸಮೀಪದ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್ ಮಾಧ್ಯಮದಲ್ಲಿ ಶಿಕ್ಷಣ ಆರಂಭವಾಯಿತು. ಆ ಬಗೆಯ ತರಗತಿಗಳಲ್ಲಿ ಓದಿದ ಮಕ್ಕಳು ಫ್ರೆಂಚನ್ನು ಚೆನ್ನಾಗಿ ಗ್ರಹಿಸಿದರೂ ಅವರ ಮಾತಿನಲ್ಲಿ ವ್ಯಾಕರಣದ ತಪ್ಪುಗಳು ಬಹುಕಾಲ ಉಳಿದುವು. ತಾವಾಗಿ ಮಾತನಾಡುವ ಅವಕಾಶದ ಕೊರತೆಯೂ ಇದಕ್ಕೆ ಕಾರಣವೆಂದು ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದರು.

ಈ ನಿದರ್ಶನ ನಮ್ಮನ್ನು ಕನ್ನಡದತ್ತ ತಿರುಗಿಸುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳಿದುದಕ್ಕೆ ಮೊಮ್ಮಗು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುವುದು ಹೊರನಾಡಿನ ಮನೆಗಳಲ್ಲಿ ಪರಿಚಿತವಾದ ಸಂಗತಿ. ಆ ಮಗುವಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿ ಆಡಲು ಅದಕ್ಕೆ ಓರಗೆಯವರಿಲ್ಲ. ಕೋಪರಿಯಲ್ಲಿ ಫ್ರೆಂಚಿಗಿರುವ ಕೊರತೆಯೇ ಕನ್ನಡಕ್ಕೂ ಇದೆ. ಹೊರನಾಡಿನ ಕನ್ನಡ ತರಗತಿಗಳು ವರ್ಣಮಾಲೆಯಿಂದ ಆರಂಭಿಸುವ ಬದಲು ನಾಲ್ಕು ಮಕ್ಕಳನ್ನು ಒಂದು ಆಟದ ಸುತ್ತ ಕೂಡಿಸುವುದರಿಂದ ಆರಂಭಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಏಳು ಕುಟುಂಬಗಳ ಆಟಕ್ಕೆ ಸೋದರಮಾವನನ್ನೂ ಚಿಕ್ಕಮ್ಮನನ್ನೂ ಸೇರಿಸಿಕೊಂಡರೆ ಅದು ಕನ್ನಡಕ್ಕೂ ಸಲ್ಲುತ್ತದೆ. ಹೊರನಾಡಿನ ಸಂಶೋಧಕರು ತಮ್ಮ ತಮ್ಮ ನೆಲೆಗಳಲ್ಲಿ ಈ ವಿಧಾನವನ್ನು ಪರೀಕ್ಷಿಸಿ ನೋಡಬೇಕಾಗಿದೆ.