ಹಳೆಯ ವೀಣೆಯ ಮೆಟ್ಟಿಲುಗಳ ಕಲೆ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಸುತ್ತಣ ತೆಂಗಿನ ಸೀಮೆಯಲ್ಲಿ ಕೊಬ್ಬರಿಗೂ ಅದರ ಎಣ್ಣೆಗೂ ಬರವಿಲ್ಲ. ವೀಣೆಯಿರುವ ಮನೆಯಲ್ಲಿ ಈ ಸಮೃದ್ಧಿಯೇ ಒಮ್ಮೊಮ್ಮೆ ತೊಡಕಾಗುವುದುಂಟು. ಬೆರಳು ತಂತಿಯ ಮೇಲೆ ಸರಾಗವಾಗಿ ಜಾರಲೆಂದು ಹಚ್ಚುವ ಎಣ್ಣೆಯು ಧೂಳಿನೊಡನೆ ಬೆರೆತು ಮೆಟ್ಟಿಲುಗಳ ಬುಡದಲ್ಲಿ ಜಿಡ್ಡಾಗಿ ನಿಲ್ಲುವುದು. ಕೈಬದಲಾಗಿ ಬಂದ ವೀಣೆಯಾದರೆ, ಹಿಂದಿನವರು ಮಕ್ಕಳ ಕಲಿಕೆಗಾಗಿ ಹಚ್ಚಿದ ಸ, ರಿ, ಗ ಅಂಟುಚೀಟಿಗಳೂ ಇರುವುವು.

ಇವನ್ನು ತೆಗೆಯುವ ಆತುರದಲ್ಲಿ ಸೀಮೆಎಣ್ಣೆಯನ್ನಾಗಲಿ ಸ್ಪಿರಿಟ್ಟನ್ನಾಗಲಿ ಮುಟ್ಟಲಾಗದು. ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿಯೇ ನಾಟಿರುವರು. ನಮ್ಮ ವೀಣೆಯ 24 ಮೆಟ್ಟಿಲುಗಳಾದರೋ ಇದ್ದಿಲ ಪುಡಿ ಕೂಡಿಸಿದ ಜೇನುಮೇಣದ ಮೇಲೆ ಕುಳಿತಿರುವುವು. ಆ ಮೇಣದ ಕಪ್ಪು ಕೊಳೆಯಲ್ಲವೆಂಬುದನ್ನು ಗೃಹಿಣಿಯರು ಮರೆಯಬಾರದು. ಸೀಮೆಎಣ್ಣೆ ಮೇಣವನ್ನು ಸಡಿಲಿಸುವುದು. ಸ್ಪಿರಿಟ್ಟು ಅರಗಿನ ಮೆರುಗನ್ನು ತಿನ್ನುವುದು. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಟ್ಟಿತು. ಮೇಳ ಕಟ್ಟುವವರು ಊರೂರಿಗೆ ಸಿಕ್ಕುವವರಲ್ಲ. ಅವರು ದೊರೆಯುವವರೆಗೆ ವೀಣೆ ಮೂಲೆಯಲ್ಲಿಯೇ.

ಮೆತ್ತನೆಯ ಹಳೆಯ ಪಂಚೆಯ ತುಂಡನ್ನು ತಂತಿಗಳ ಅಡಿಯಲ್ಲಿ ತೂರಿಸಿ, ಒಂದೊಂದೇ ಮೆಟ್ಟಿಲನ್ನು ಅದರ ಉದ್ದಕ್ಕೆ ಒಣಗಿದ ಬಟ್ಟೆಯಿಂದಲೇ ಒರಸಬೇಕು, ಅಡ್ಡಲಾಗಿ ನೂಕಬಾರದು. ಅಂಟುಚೀಟಿಗೆ ಎರಡೇ ಹನಿ ಕೊಬ್ಬರಿ ಎಣ್ಣೆ ಸಾಕು. ಕಾಗದ ನೆನೆದೊಡನೆ ಉಗುರಿನಿಂದ ಎಬ್ಬಿಸಿ, ಪಸೆಯುಳಿಯದಂತೆ ಒರಸಿಬಿಡುವುದು. ಎಣ್ಣೆಯನ್ನು ಬಹಳ ಹೊತ್ತು ಬಿಟ್ಟರೆ ಅದೂ ಮೇಣವನ್ನು ಮೆದುಮಾಡೀತು. ಮೇಣದ ಮೇಲೆ ಬಣ್ಣದಲ್ಲಿ ಬರೆದ ಅಕ್ಷರಗಳನ್ನು ಮಾತ್ರ ಕೆರೆಯದಿರುವುದೇ ಲೇಸು. ಮುಂದೆ ಮೇಳ ಕಟ್ಟಿಸುವಾಗ ಹಳೆಯ ಮೇಣದೊಡನೆ ಅವೂ ಹೋಗುವುವು. ಅಲ್ಲಿಯವರೆಗೆ ಕಣ್ಣಿಗೆ ಕಂಡರೇನು?

ಇನ್ನು ಮೆಟ್ಟಿಲಿನ ನೆತ್ತಿಯಲ್ಲಿ ಕಾಣುವ ಗೀರುಗಳು. ಇವನ್ನೂ ಕಲೆಯೆಂದು ಬಗೆದು ಉಪ್ಪುಕಾಗದದಿಂದ ಉಜ್ಜುವವರನ್ನು ನಾವು ಬಲ್ಲೆವು. ಅವು ತಂತಿ ತಿಕ್ಕಿ ಆದ ಸವೆತ. ಅರ ಹಿಡಿದು ಅದನ್ನು ಸಮಮಾಡುವುದು ಮೇಳ ಕಟ್ಟುವವರ ಕೈಕೆಲಸವೇ ಹೊರತು ಮನೆಯವರದಲ್ಲ.