ನಂಗು ಮೀನಿನ ಹುರುಪೆ

ಹಳೇಬೀಡಿನ ಪೂರ್ವದ ಹೆಸರು ದೋರಸಮುದ್ರ. ಅಲ್ಲಿಯ ಸಮುದ್ರವೆಂದರೆ ಒಂದು ಕೆರೆ. ನಿಜವಾದ ಕಡಲು ಘಟ್ಟದ ಆಚೆಗೆ. ಆದರೂ 12ನೆಯ ಶತಮಾನದ ಶಿಲ್ಪಿಗಳು ಹೊಯ್ಸಳೇಶ್ವರನ ಗುಡಿಯ ಗೋಡೆಯ ಮೇಲೆ ಮಕರಗಳದೊಂದು ಸಾಲನ್ನೇ ಕಡೆದಿರುವರು. ಆನೆಯ ಸೊಂಡಿಲು, ನವಿಲಿನ ಬಾಲ! ಹೀಗೂ ಒಂದು ಜಲಚರವುಂಟೆ ಎಂದು ನಗುವವರು ಮಂಗಳೂರಿನ ಮೀನುಪೇಟೆಗೆ ಹೋಗಿ ನಂಗು ಮೀನನ್ನು ನೋಡಬೇಕು.

ಅದು ನಾಲಗೆಯನ್ನು ಕೊಯ್ದಿಟ್ಟಂತೆ ತೋರುವ, ಗೇಣಿಗೂ ಕಿರಿದಾದ ಚಪ್ಪಟೆ ಮೀನು. ಅದರ ಕುಟುಂಬಕ್ಕೆ ವಿಜ್ಞಾನಿಗಳಿಟ್ಟ ಹೆಸರು ಸೈನೋಗ್ಲಾಸಿಡೆ. ಗ್ರೀಕ್ ಮೂಲದಲ್ಲಿ 'ನಾಯಿಯ ನಾಲಗೆ' ಎಂದೇ ಅರ್ಥ. ಈ ಕುಟುಂಬದ ಬಹುಪಾಲು ಉಷ್ಣವಲಯದ ಕಡಲುಗಳ ತಳದಲ್ಲಿಯೇ ವಾಸಿಸುವುದು. ಮೊಟ್ಟೆಯೊಡೆದು ಬಂದ ಮರಿ ಇತರ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ, ಪಕ್ಕಕ್ಕೊಂದು ಕಣ್ಣು. ಬೆಳೆಯುತ್ತ ಬಲಗಣ್ಣು ತಲೆಯನ್ನು ದಾಟಿ ಎಡಗಡೆಗೆ ಸೇರಿಬಿಡುವುದು. ಆಮೇಲೆ ಮೀನು ಬಲಮಗ್ಗುಲಾಗಿ ಕೆಸರಿನ ಮೇಲೆ ಮಲಗಿ, ಅಲ್ಲಿನ ಹುಳುಗಳನ್ನು ತಿಂದು ಬಾಳುವುದು. ಮಕರವನ್ನು ಕಲ್ಪಿಸಿದ ಶಿಲ್ಪಿಗೂ ಇದು ಹೊಳೆಯಲಿಲ್ಲ.

ಕರಾವಳಿಯ ಗೃಹಿಣಿಯರು ಇದರ ಚರ್ಮವನ್ನು ಸುಲಿದೇ ಅಡಿಗೆ ಮಾಡುವರು. ಚರ್ಮದೊಡನೆ ಎಸೆದುಹೋಗುವ ಹುರುಪೆಯಲ್ಲಿಯೇ ಅದರ ವಯಸ್ಸು ಬರೆದಿದೆ. ಶೀತದೇಶದ ಮೀನುಗಳಿಗೆ ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗಿ, ಮರದ ಕಾಂಡದಲ್ಲಿರುವಂತೆ ಹುರುಪೆಯಲ್ಲಿ ವರ್ಷಕ್ಕೊಂದು ಬಳೆ ಮೂಡುತ್ತದೆ. ಚಳಿಯೇ ಇಲ್ಲದ ನಮ್ಮ ಕಡಲಿನಲ್ಲಿ ಅಂಥ ಗುರುತು ಎಲ್ಲಿಯದು? 1951ರಲ್ಲಿ ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಅವರು ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರವಿತ್ತರು. ದೋರಸಮುದ್ರದ ಕೆರೆಗೆ ಮಳೆಯನ್ನು ತರುವ ನೈಋತ್ಯ ಮಾರುತವೇ ಕಡಲತಳವನ್ನು ಕದಡುವುದು, ಹುಳುಗಳು ವಿರಳವಾಗುವುವು, ನಂಗು ಅರೆಹೊಟ್ಟೆಯಲ್ಲಿರುವುದು. ಹುರುಪೆಯ ಬಳೆ ಆ ಉಪವಾಸದ ಗುರುತು. ಬಳೆಗಳೆಷ್ಟೋ, ಮೀನು ಕಂಡ ಮಳೆಗಾಲಗಳೂ ಅಷ್ಟು.

ಇದು ಬರಿಯ ಕುತೂಹಲದ ಮಾತಲ್ಲ. ನಂಗು ಮೊಟ್ಟೆಯಿಡತೊಡಗುವುದು ಅಕ್ಟೋಬರಿನಲ್ಲಿ, ಸುಮಾರು ಒಂದು ವರ್ಷ ತುಂಬಿದಾಗ. ಅದು ದಡದ ಸಮೀಪ ಗುಂಪುಗುಂಪಾಗಿ ಬಲೆಗೆ ಬೀಳುವುದಾದರೋ ಸೆಪ್ಟೆಂಬರ್, ಅಕ್ಟೋಬರಿನಲ್ಲಿಯೇ. ಕರ್ನಾಟಕದಲ್ಲಿ ಯಂತ್ರದೋಣಿಗಳಿಗೆ ವಿಧಿಸುವ ನಿಷೇಧವು ಜೂನ್ 1ರಿಂದ ಜುಲೈ 31ರ ವರೆಗಿನದು. ಅನೇಕ ಮೀನುಗಳಿಗೆ ಅದರಿಂದ ಉಪಕಾರವುಂಟು, ಆದರೆ ನಂಗಿನ ಪ್ರಸವಕಾಲವನ್ನು ಅದು ಮುಟ್ಟುವುದಿಲ್ಲ. ಸೆಪ್ಟೆಂಬರಿನಲ್ಲಿ ತಳವನ್ನು ಗುಡಿಸುವ ಬಲೆಗೆ ಸಿಕ್ಕಿದ ಒಂದೇ ಬಳೆಯ ಮೀನು ಇನ್ನೂ ಮೊಟ್ಟೆಯಿಟ್ಟಿರುವುದಿಲ್ಲ. ವರ್ಷವರ್ಷವೂ ಎರಡು ಬಳೆಯವು ಕಡಿಮೆಯಾಗುತ್ತ ಬಂದರೆ ಹಿಡಿತ ಮಿತಿಮೀರಿತೆಂದು ಶಂಕಿಸಬೇಕಾಗುವುದು; ಇದನ್ನು ತಿಳಿಯಲು ಬಂದರಿನಲ್ಲಿ ಒಂದು ಸೂಕ್ಷ್ಮದರ್ಶಕವೂ ಕೆಲವು ಹುರುಪೆಗಳೂ ಇದ್ದರೆ ಸಾಕು.