ಕಣ್ಣಿಗೆ ಬಟ್ಟೆ ಕಟ್ಟಿದರೆ ಮಿದುಳು ಓದೀತೇ?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ಪಕ್ಕದ ಮನೆಯ ಹುಡುಗ ‘ಮಿಡ್ ಬ್ರೇನ್ ಆಕ್ಟಿವೇಷನ್’ ತರಗತಿಗೆ ಹೋಗುತ್ತಿದ್ದಾನೆ, ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಪತ್ರಿಕೆಯ ತಲೆಬರಹ ಓದಿಬಿಡುತ್ತಾನೆ, ನಮ್ಮ ಮಗಳನ್ನೂ ಸೇರಿಸೋಣವೇ?

ಬೇಡ. ಖಂಡಿತ ಬೇಡ. ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೂಗಿನ ಇಕ್ಕೆಲದಲ್ಲಿ ಬಟ್ಟೆ ಪೂರ್ತಿ ಅಂಟಿ ಕೂರುವುದಿಲ್ಲ. ಕಣ್ಣಾಮುಚ್ಚಾಲೆ ಆಡಿದ ಪ್ರತಿ ಮಗುವಿಗೂ ಆ ಸಂದಿ ಗೊತ್ತು. ಪತ್ರಿಕೆಯನ್ನು ಹುಡುಗನ ಕೈಗೆ ಕೊಡದೆ ಅವನ ಹಣೆಯ ಎತ್ತರಕ್ಕೆ ಹಿಡಿದು ನೋಡಿ, ಓದು ಅಲ್ಲಿಗೇ ನಿಲ್ಲುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಈ ವಂಚನೆಯನ್ನು ಊರೂರಲ್ಲಿ ಬಯಲಿಗೆಳೆದಿದ್ದಾರೆ. ಆದರೂ ತರಗತಿಗಳು ನಡೆಯುತ್ತಲೇ ಇವೆ. ಹಣ ಹೋದರೆ ಹೋಗಲಿ, ಮಕ್ಕಳಿಗೆ ಸುಳ್ಳಾಡುವುದನ್ನು ಕಲಿಸಿ ಅದಕ್ಕೆ ಅಪ್ಪ ಅಮ್ಮನಿಂದ ಚಪ್ಪಾಳೆ ತಟ್ಟಿಸುತ್ತಾರಲ್ಲ, ಅದು ನನಗೆ ಸಹಿಸಲಾಗದ ಮಾತು. ಕಣ್ಣು ಬಿಟ್ಟುಕೊಂಡು ಓದುವಾಗ ಮಿದುಳಿನಲ್ಲಿ ನಡೆಯುವುದೇ ಎಂಥ ಸೋಜಿಗ ಎಂಬುದು ಈ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ.

ಓದಿನ ಸೋಜಿಗ ತಿಳಿಯಲು ಮೊದಲು ಮುಖದ ವಿಷಯ ನೋಡಬೇಕು. ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಎಲೆಕ್ಟ್ರೋಡ್‌ಗಳನ್ನು ತಲೆಗೆ ಅಂಟಿಸಿ, ಎದುರಿನ ಪರದೆಯ ಮೇಲೆ ಕಾರು, ಪೀಠೋಪಕರಣ, ಮುಖ ಹೀಗೆ ಒಂದೊಂದೇ ಚಿತ್ರ ತೋರಿಸುತ್ತಾರೆ. ಮುಖ ಕಾಣಿಸಿಕೊಂಡ ಸುಮಾರು 170 ಮಿಲಿಸೆಕೆಂಡ್‌ಗೆ, ಅಂದರೆ ಸೆಕೆಂಡಿನ ಆರನೇ ಒಂದು ಪಾಲಿನಲ್ಲಿ, ತಲೆಯ ಹಿಂಭಾಗದ ಇಕ್ಕೆಲಗಳಲ್ಲಿ ಋಣ ವಿದ್ಯುತ್ತಿನ ಒಂದು ಅಲೆ ಏಳುತ್ತದೆ. ಬಲಗಡೆ ಅದು ಹೆಚ್ಚು ಜೋರು. ಕಾರಿಗೋ ಕುರ್ಚಿಗೋ ಅಷ್ಟು ಏಳುವುದಿಲ್ಲ. ಜೆರೂಸಲೇಮಿನ ಶ್ಲೋಮೋ ಬೆಂಟಿನ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ವಿವರಿಸಿದರು. ಅಲೆಗೆ ‘ಎನ್170’ ಎಂಬ ಹೆಸರು ನಿಂತಿತು. ಮುಖ ಯಾರದೆಂಬ ಲೆಕ್ಕ ಆ ಹೊತ್ತಿಗೆ ಇನ್ನೂ ಶುರುವಾಗಿರುವುದಿಲ್ಲ ಎನ್ನಬಹುದು. ‘ಇಲ್ಲೊಂದು ಮುಖವಿದೆ’ ಎಂಬಷ್ಟೇ ತೀರ್ಮಾನವಾಗಿರುತ್ತದೆ; ಗುರುತು, ಹೆಸರು, ನೆಂಟಸ್ತಿಕೆಯೆಲ್ಲ ಆಮೇಲಿನವು.

ಈ ಅವಸರದ ತೀರ್ಮಾನಕ್ಕೆ ಎರಡು ಚುಕ್ಕೆ, ಕೆಳಗೊಂದು ಗೆರೆ ಇದ್ದರೂ ಸಾಕು. ಮುಖದಂತೆ ತೋರುವ ವಸ್ತುಗಳಿಗೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮಿದುಳು ಸ್ಪಂದಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೇವಿನ ತೊಗಟೆಯಲ್ಲಿ, ಗೋಡೆಯ ತೇವದ ಕಲೆಯಲ್ಲಿ ದೇವರ ಮುಖ ಮೂಡಿತೆಂದು ಹೂವೇರಿಸಿ ಕಾಣಿಕೆ ಡಬ್ಬಿ ಇಡುವವರು ಇದನ್ನು ತಿಳಿಯಬೇಕು. ಆ ಮುಖ ಮೂಡಿದ್ದು ನೋಡುವವರ ತಲೆಯಲ್ಲಿ.

ನನ್ನನ್ನು ಬೆರಗುಗೊಳಿಸುವುದು ಇದರ ಮುಂದಿನ ಸಂಗತಿ. ಓದುಬಲ್ಲವರಿಗೆ ಅಕ್ಷರಗಳನ್ನು ತೋರಿಸಿದರೂ ಸುಮಾರು ಅದೇ 170 ಮಿಲಿಸೆಕೆಂಡ್‌ಗೆ ಅದೇ ಬಗೆಯ ಅಲೆ ಏಳುತ್ತದೆ, ಈ ಸಲ ಎಡಗಡೆ ಜೋರಾಗಿ. ಮುಖ ಗುರುತಿಸುವ ಶಕ್ತಿ ಮಂಗಗಳಲ್ಲೂ ಇದೆ, ಅಷ್ಟು ಹಳೆಯದು. ಬರವಣಿಗೆಗೆ ಐದು ಸಾವಿರ ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು. ಅಷ್ಟರಲ್ಲಿ ಓದುವುದಕ್ಕೆಂದೇ ಮಿದುಳಿನಲ್ಲೊಂದು ಭಾಗ ವಿಕಾಸಗೊಳ್ಳಲು ಸಾಧ್ಯವೇ ಇಲ್ಲ. ಮತ್ತೆ ಈ ಎಡಗಡೆಯ ಅಲೆ ಎಲ್ಲಿಂದ ಬಂತು? ಕಲಿತು ಬಂತು. ಜ್ಯೂರಿಕ್‌ನಲ್ಲಿ ಮಕ್ಕಳನ್ನು ಶಿಶುವಿಹಾರದಲ್ಲೊಮ್ಮೆ, ಎರಡನೇ ತರಗತಿಯಲ್ಲಿ ಮತ್ತೊಮ್ಮೆ ಪರೀಕ್ಷಿಸಿದರು. ಓದು ಬಾರದಾಗ ಅಕ್ಷರಗಳಿಗೆಂದು ವಿಶೇಷ ಅಲೆ ಇರಲಿಲ್ಲ, ಓದಲು ಕಲಿತ ಮೇಲೆ ಇತ್ತು. ಮುಖ, ವಸ್ತುಗಳನ್ನು ಗುರುತಿಸುವ ಜಾಗದ ಒಂದು ಮೂಲೆಯನ್ನೇ ಓದು ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ ಎಂಬುದು ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹಾನ್ ಅವರ ವಾದ. ಎಡಗಡೆ ಹಿಂಭಾಗಕ್ಕೆ ಪೆಟ್ಟಾದರೆ ಏನಾಗುತ್ತದೆಂದು 1892ರಲ್ಲೇ ಪ್ಯಾರಿಸ್ಸಿನ ವೈದ್ಯ ಡೆಜರೀನ್ ಬರೆದಿದ್ದರು. ಅವರ ರೋಗಿಗೆ ಮಾತು ಸರಿಯಿತ್ತು, ಬರೆಯಲೂ ಬರುತ್ತಿತ್ತು. ತಾನೇ ಬರೆದದ್ದನ್ನು ಓದಲು ಮಾತ್ರ ಬರುತ್ತಿರಲಿಲ್ಲ.

ಓದು ಕಲಿತು ಬಂದದ್ದು ಎಂಬುದರ ರುಚಿಯನ್ನು ನೀವೂ ನೋಡಬಹುದು. ಬೆಂಗಳೂರಿನಿಂದ ಹೊಸೂರು ದಾಟಿ ಮುಂದೆ ಹೋದಂತೆ, ತಮಿಳು ಬಾರದ ನನಗೆ ಅಂಗಡಿ ಫಲಕಗಳೆಲ್ಲ ಬರೀ ಗೆರೆಗಳಾಗುತ್ತವೆ. ಹಿಂದೂಪುರದ ಕಡೆ ಹೋದರೆ ತೆಲುಗು ಫಲಕಗಳು ಅರ್ಧಂಬರ್ಧ ಬಾಯಿಗೆ ಬಂದುಬಿಡುತ್ತವೆ, ಲಿಪಿಗಳು ಸೋದರಿಯರಲ್ಲವೇ. ಕನ್ನಡ ಫಲಕವನ್ನಂತೂ ಓದದೆ ಬಿಡುತ್ತೇನೆಂದರೂ ಬಿಡಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಪಿ. ಅರುಣ್ ಅವರ ತಂಡ ತೆಲುಗು ಮತ್ತು ಮಲಯಾಳಂ ಓದುಗರನ್ನು ಹೋಲಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಲ್ಲವರು ಪದವನ್ನು ಇಡಿಯಾಗಿ ನುಂಗುತ್ತಾರೆ ಎಂಬುದು ಎಲ್ಲರ ನಂಬಿಕೆ. ಈ ತಂಡಕ್ಕೆ ಸಿಕ್ಕಿದ್ದು ಬೇರೆ: ಗೊತ್ತಿರುವ ಲಿಪಿಯಲ್ಲಿ ಅಕ್ಷರಗಳು ಪಕ್ಕದವುಗಳ ಜೊತೆ ಕಲಸಿಹೋಗದೆ ಇನ್ನಷ್ಟು ಬಿಡಿಬಿಡಿಯಾಗಿ ಕಾಣುತ್ತವೆ.

ಓದು ಜಾಗ ಹಿಡಿದರೆ ಮುಖಗಳಿಗೆ ಕೊರತೆಯಾಗುವುದಿಲ್ಲವೇ? ಡೆಹಾನ್ ತಂಡ 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ಸಾಕ್ಷರರು, ನಿರಕ್ಷರಿಗಳನ್ನು ಹೋಲಿಸಿದಾಗ ಎಡಗಡೆ ಮುಖಗಳಿಗೆ ಸಿಗುವ ಸ್ಪಂದನ ಸಾಕ್ಷರರಲ್ಲಿ ತುಸು ತಗ್ಗಿದ್ದು ಕಂಡಿತು. ಉತ್ತರ ಭಾರತದ ಹಳ್ಳಿಗರ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅಂಥ ನಷ್ಟವೇನೂ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ, ಓದಿದ್ದರಿಂದ ನೆಂಟರ ಮುಖ ಮರೆತುಹೋದವರು ಯಾರೂ ಇಲ್ಲ.

ಈಗ ನಡುಮಿದುಳಿಗೆ ಬರೋಣ. ಮಿಡ್ ಬ್ರೇನ್ ಎನ್ನುವುದು ಮಿದುಳು ಕಾಂಡದ ಮೇಲ್ತುದಿ. ಕಣ್ಣುಗಳನ್ನು ಯಾವ ಕಡೆ ಹೊರಳಿಸಬೇಕೆಂದು ನಿರ್ದೇಶಿಸುವ ಒಂದು ಜೋಡಿ ಉಬ್ಬು ಅಲ್ಲಿದೆ. ಲಖನೌ ಸಮೀಪದ ಎರಡು ಹಳ್ಳಿಗಳಲ್ಲಿ ಅಕ್ಷರವೇ ಬಾರದ ವಯಸ್ಕರಿಗೆ, ಬಹುತೇಕ ಮೂವತ್ತರ ಆಸುಪಾಸಿನ ಮಹಿಳೆಯರಿಗೆ, ಆರು ತಿಂಗಳು ದೇವನಾಗರಿ ಕಲಿಸಿ, ಮೊದಲೂ ಕೊನೆಗೂ ಮಿದುಳಿನ ಸ್ಕ್ಯಾನ್ ಮಾಡಿದರು. ಜರ್ಮನಿ, ನೆದರ್ಲೆಂಡ್ಸ್ ಮತ್ತು ಭಾರತದ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ, 2017ರಲ್ಲಿ ಪ್ರಕಟವಾಯಿತು. ಬದಲಾವಣೆ ಮಿದುಳಿನ ಹೊರಪದರದಲ್ಲಿ ಕಂಡೀತೆಂದು ಹುಡುಕಿದವರಿಗೆ ಅದು ಆಳದಲ್ಲಿ ಸಿಕ್ಕಿತು. ಥಲಾಮಸ್‌ನ ಒಂದು ಭಾಗ ಮತ್ತು ನಡುಮಿದುಳಿನ ಅದೇ ಉಬ್ಬುಗಳು ದೃಷ್ಟಿಯ ಪದರದೊಡನೆ ಹಿಂದಿಗಿಂತ ಹೆಚ್ಚು ತಾಳ ಕೂಡಿಸಿ ಕೆಲಸ ಮಾಡುತ್ತಿದ್ದವು. ಸಾಲು ಹಿಡಿದು ಕಣ್ಣೋಡಿಸುವ ಅಭ್ಯಾಸ ಅಷ್ಟು ಕೆಳಗಿನವರೆಗೆ ಇಳಿದಿತ್ತು! ನಡುಮಿದುಳನ್ನು ಚುರುಕುಗೊಳಿಸುವ ತರಗತಿ ನಿಜವಾಗಿಯೂ ಇದ್ದರೆ ಅದು ಇದು: ಕಣ್ಣು ತೆರೆದು, ಸ್ಲೇಟು ಹಿಡಿದು ಅಕ್ಷರ ತಿದ್ದುವುದು.

ಕಣ್ಣಿಲ್ಲದೆ ಓದುವ ನಿಜವಾದ ವಿದ್ಯೆಯೂ ಒಂದಿದೆ, ಬ್ರೈಲ್. ಹುಟ್ಟು ಅಂಧರು ಬೆರಳಿನಿಂದ ಓದುವಾಗ ಅದೇ ಎಡಗಡೆಯ ಅಕ್ಷರದ ಜಾಗ ಕೆಲಸ ಮಾಡುತ್ತದೆ. ಅದೂ ಶ್ರಮಪಟ್ಟು ಕಲಿತದ್ದು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಓದು ಬಾರದ ಹಿರಿಯರಿದ್ದರೆ, ‘ಈ ವಯಸ್ಸಿನಲ್ಲಿ ತಲೆಗೆ ಹತ್ತುವುದಿಲ್ಲ’ ಎಂದು ಅವರು ಹಿಂಜರಿದರೆ, ಲಖನೌ ಸೀಮೆಯ ಆ ಮಹಿಳೆಯರ ವಿಷಯ ಹೇಳಿ. ಒಂದು ಸ್ಲೇಟು ತಂದುಕೊಟ್ಟು ಈ ವಾರವೇ ಶುರು ಮಾಡಿಸಿ.